ನೂಲಿನ ಉದ್ರಿ ತೀರಿತು

ಮೊನ್ನೆ ಶುಕ್ರವಾರ ಸಂಜೆ ನೂಲಿನ ಸಾವುಕಾರರ ಅಂಗಡಿಗೆ ಹೋಗಿ ಕೊನೆಯ 15,000 ರೂಪಾಯಿ ಎಣಿಸಿ ಕೊಟ್ಟೆ. ಅವರು ಉದ್ರಿ ವಹಿ ತೆಗೆದು, ಅಪ್ಪನ ಹೆಸರಿದ್ದ ಪುಟಕ್ಕೆ ಅಡ್ಡ ಗೆರೆ ಎಳೆದು, "ಚಹಾ ಕುಡಿತಿ ಏನೋ?" ಅಂದರು. ಅಷ್ಟೇ. ಎರಡೂವರೆ ವರ್ಷ ನಾನು ಆ ಗಲ್ಲಿ ತಪ್ಪಿಸಿ, ಸುತ್ತು ಹಾಕಿ ಮನೆಗೆ ಹೋಗುತ್ತಿದ್ದೆ. ಎಲ್ಲ ಕಡೆಯದು ಸೇರಿ 4,10,000 ಸಾಲ ಇತ್ತು. ಈಗ ಒಂದು ರೂಪಾಯಿ ಇಲ್ಲ. ಥ್ಯಾಂಕ್ಸ್ ಹೇಳಬೇಕಾದವರು ನಾಲ್ಕು ಜನ ಇದ್ದಾರೆ, ಎದುರು ನಿಂತು ಹೇಳಲು ನಾಚಿಕೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ: ನಾನು ಪೋಕರ್ ಆಡಿ ದುಡಿಯುವವನು. ಬೆಳಗಾವಿಯ ನಮ್ಮ ವಡಗಾವಿಯಲ್ಲಿ ಇದನ್ನು ಹೇಳಿದರೆ "ಇಸ್ಪೀಟ ಆಡ್ತಾನಂತ" ಅಂತ ಮಾತು ಮುಗಿಯುತ್ತದೆ. ಪೂರ್ತಿ ತಪ್ಪೂ ಅಲ್ಲ ಬಿಡಿ. 2020ರ ಲಾಕ್‌ಡೌನ್‌ನಲ್ಲಿ ಮಗ್ಗ ನಿಂತಾಗ ಮನೆ ನಡೆದದ್ದು ಇದೇ ಆಟವನ್ನು ಆನ್‌ಲೈನ್ ಆಡಿ, ಅದು ತಲೆಗೇರಿತು. 2021ರ ಅಕ್ಟೋಬರ್‌ನಲ್ಲಿ ರಾಜ್ಯದಲ್ಲಿ ಆನ್‌ಲೈನ್ ಹಣದಾಟಕ್ಕೆ ನಿಷೇಧ ಬಂತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡುವವರೆಗೆ ಸುಮ್ನೆ ಕೂತು ಉಳಿಸಿದ್ದನ್ನೆಲ್ಲ ತಿಂದೆ. ಆಮೇಲೆ ಬೇಗ ಬೇಗ ತುಂಬಿಸಿಕೊಳ್ಳುವ ಅವಸರ. 2023ರಲ್ಲಿ ನನ್ನ ಹತ್ತಿರ ಇದ್ದದ್ದು 1,20,000. ಕೂತದ್ದು 100/200ರ (ಪ್ರತಿ ಸುತ್ತಿಗೆ ಕಡ್ಡಾಯವಾಗಿ ಕಟ್ಟುವ ಚಿಕ್ಕ, ದೊಡ್ಡ ಪಣ) ಟೇಬಲ್ಲಿಗೆ, ಅಲ್ಲಿ ಒಂದು ಬಯ್-ಇನ್ನೇ, ಅಂದರೆ ಒಮ್ಮೆ ಕೂರಲು ಹಾಕುವ ದುಡ್ಡೇ, 20,000.

ದುರಾದೃಷ್ಟ ಅಂತ ಬಹಳ ದಿನ ಹೇಳಿಕೊಂಡು ತಿರುಗಿದೆ. ಮೊದಲ ಎರಡು ಎಲೆಯಲ್ಲಿ ಎಲ್ಲಕ್ಕಿಂತ ಬಲವಾದ ಎಕ್ಕದ ಜೋಡಿ ಬರುವುದು ಸರಾಸರಿ 221 ಕೈಗೆ (ಸುತ್ತಿಗೆ) ಒಮ್ಮೆ. ಎದುರಿನವನು ರಾಜನ ಜೋಡಿ ಹಿಡಿದು ಇದ್ದದ್ದೆಲ್ಲ ಹಾಕಿದರೆ ನೂರರಲ್ಲಿ ಸುಮಾರು 82 ಸಲ ನಾನೇ ಗೆಲ್ಲುತ್ತೇನೆ, ಉಳಿದ 18 ಸಲ ಸೋಲುತ್ತೇನೆ, ಅದಕ್ಕೇ ಅಲ್ವಾ ಬಲ್ಲವರು ಹಿಂದೆ ಮೂವತ್ತು ಬಯ್-ಇನ್ ಇಟ್ಟುಕೊಂಡು ಕೂರುವುದು. ನನ್ನ ಹಿಂದೆ ಇದ್ದವು ಆರು. ಅವು ಹೋದವು. ಕಾರ್ಡಿನ ಸಾಲ, ಗೆಳೆಯರ ಕೈಗಡ, ಅದೂ ಹೋಯಿತು. ಕೊನೆಗೆ ನೂಲು ತರಲು ಅಪ್ಪ ನನ್ನ ಖಾತೆಗೆ ಹಾಕಿದ್ದ 85,000 ಉಳಿದಿತ್ತು. ರಾತ್ರಿ ಎರಡಕ್ಕೆ ಕೂತೆ, ನಾಲ್ಕೂವರೆಗೆ ಎದ್ದೆ.

ಹನ್ನೊಂದು ದಿನ ನಮ್ಮ ಎರಡು ಮಗ್ಗ ಹಾಸು ನೂಲು ಇಲ್ಲದೆ ನಿಂತವು. ನಾಲ್ಕು ಮಗ್ಗದ ಸದ್ದಿನಲ್ಲೇ ಬೆಳೆದವನಿಗೆ ಎರಡರ ಸದ್ದಿನಲ್ಲಿ ನಿದ್ದೆ ಬರುವುದಿಲ್ಲ.

ಅಪ್ಪಾ, ನೀ ಬೈಯಲಿಲ್ಲ. "ಎಷ್ಟ ಹೋತು, ಖರೆ ಹೇಳು" ಅಂದಿ. ನಾನು ಅರ್ಧ ಹೇಳಿದೆ. ಮರುದಿನ ಮತ್ತೆ ಕೇಳಿದಿ, ಪೂರ್ತಿ ಹೇಳಿದೆ. ಆಮೇಲೆ ನನ್ನನ್ನು ಜೊತೆಗೆ ಕರಕೊಂಡು ಹೋಗಿ, ಸಾವುಕಾರರ ಮುಂದೆ ಕೂರಿಸಿ, ನಿನ್ನ ಹೆಸರಿಗೆ ಉದ್ರಿ ಬರೆಸಿದಿ. ಆ ಪುಟದ ಮೇಲಿನ ಗೆರೆಯ ಫೋಟೊ ನಿನ್ನ ಫೋನಿಗೆ ಕಳಿಸಿದ್ದೇನೆ, ತೆರೆದು ನೋಡು.

ಅಕ್ಕಾ, ನೀನು ನನ್ನ ಎಟಿಎಂ ಕಾರ್ಡು, ಪಾಸ್‌ವರ್ಡು ಎರಡೂ ಕಸಿದುಕೊಂಡು ಬೈಲಹೊಂಗಲಕ್ಕೆ ಹೋದೆ. ಒಂದೂವರೆ ವರ್ಷ ಪೆಟ್ರೋಲಿಗೂ ನಿನಗೆ ಫೋನ್ ಮಾಡಬೇಕಿತ್ತು. ಆಗ ಸಿಟ್ಟು ಬರುತ್ತಿತ್ತು, ಈಗಲೂ ಸ್ವಲ್ಪ ಇದೆ.

ಪಣಜಿಯ ದೋಸ್ತ, ನಿನಗೆ ಥ್ಯಾಂಕ್ಸ್ ಹೇಳುವುದು ನೀನು ಕೊಡದೇ ಇದ್ದದ್ದಕ್ಕೆ. ಜುಲೈ ಮಳೆಯಲ್ಲಿ ಬೈಕ್ ಮೇಲೆ ಚೋರ್ಲಾ ಘಾಟ್ ಇಳಿದು ಬಂದು ಆಡಲು ದುಡ್ಡು ಕೇಳಿದೆ. ನೀನು ಮೀನಿನ ಊಟ ಹಾಕಿಸಿದೆ, ಒಣ ಅಂಗಿ ಕೊಟ್ಟೆ, ದುಡ್ಡು ಮಾತ್ರ ಇಲ್ಲ ಅಂದೆ. "ಮೂರು ತಿಂಗಳು ಒಂದೂ ಕೈ ಆಡಬೇಡ, ಸೋತ ಕೈಗಳನ್ನು ಟೈಮ್ ಹಾಕಿ ವಹಿಯಲ್ಲಿ ಬರಿ" ಅಂದೆ. ಬರೆದೆ. ದೊಡ್ಡ ಸೋಲೆಲ್ಲ ರಾತ್ರಿ ಒಂದರ ಮೇಲಿನವು. ಅದೂ ಹೆಚ್ಚಿನವು, ಅದೇ ರಾತ್ರಿ ಒಮ್ಮೆ ಸೋತ ಮೇಲೆ ತಡೆಯಲಾಗದೆ ಮತ್ತೆ ಕೂತವು. ಆ ಪುಟಗಳನ್ನು ಈಗಲೂ ಓದಲು ಆಗುವುದಿಲ್ಲ.

ಇನ್ನು ಪಿಗ್ಮಿ ಕಾಕಾ, ದಿನದ ಉಳಿತಾಯದ ದುಡ್ಡು ವಸೂಲಿ ಮಾಡುವವರು. ಖಡೇಬಜಾರಿನ ಸೀರೆ ಅಂಗಡಿಯಲ್ಲಿ 14,000 ಸಂಬಳಕ್ಕೆ ಸೇರಿದ ವಾರವೇ ಇವರು ಗಂಟುಬಿದ್ದರು. ದಿನಕ್ಕೆ 200. ಸಂಜೆ ಏಳಕ್ಕೆ ಸರಿಯಾಗಿ ಸೈಕಲ್ ನಿಲ್ಲಿಸಿ, ಕೈಯಲ್ಲಿನ ಪುಟ್ಟ ಮಷೀನು ಒತ್ತಿ, ಚೀಟಿ ಹರಿದು ಕೊಡುತ್ತಿದ್ದರು. ಒಂದು ದಿನ ಇಲ್ಲ ಅಂದರೆ "ಯಾಕ ತಮ್ಮಾ, ನಿನ್ನೆ ಊಟ ಮಾಡಿದ್ದಿ, ಇವತ್ತ ಮಾಡೂದಿಲ್ಲೇನು?" ಅಂತ ಗಿರಾಕಿಗಳ ಮುಂದೆಯೇ ಕೇಳುತ್ತಿದ್ದರು. ಆ ಚೀಟಿಗಳನ್ನೆಲ್ಲ ಡಬ್ಬಿಯಲ್ಲಿ ಇಟ್ಟಿದ್ದೆ, ಅಕ್ಷರ ಅಳಿಸಿ ಈಗ ಬರೀ ಬಿಳಿ ಕಾಗದ. ವರ್ಷ ತುಂಬಿದಾಗ 60,000 ದಾಟಿತ್ತು. ಅರ್ಧ ಸಾಲಕ್ಕೆ ಹೋಯಿತು. ಉಳಿದ 30,000 ಇಟ್ಟುಕೊಂಡು, ಅಕ್ಕನನ್ನು ಕೇಳಿ, 5/10ರ ಟೇಬಲ್ಲಿಗೆ ಕೂತೆ. ಬಯ್-ಇನ್ 1,000. ಮೂವತ್ತು ಆಯಿತಲ್ವಾ. ಮೂರು ಹೋದರೆ ಆ ದಿನ ಎದ್ದುಬಿಡುವುದು, ರಾತ್ರಿ ಹನ್ನೆರಡಕ್ಕೆ ಫೋನ್ ಅಪ್ಪನ ಕೋಣೆಗೆ.

ಆಗ ಆಟಕ್ಕೆ ದುಡ್ಡು ಜಮಾ ಮಾಡಿದರೆ ಶೇ 28 ಜಿಎಸ್‌ಟಿ ಇತ್ತು, ಗೆದ್ದದ್ದರ ಮೇಲೆ ಶೇ 30 ತೆರಿಗೆ, ಒಂದು ವರ್ಷದ ನಷ್ಟ ಮುಂದಿನ ವರ್ಷದ ಗೆಲುವಿನಲ್ಲಿ ಕಳೆಯಲು ಬರುತ್ತಿರಲಿಲ್ಲ. ನಿಧಾನವಾಗಿಯೇ ಬೆಳೆಯಿತು. 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾನೂನು ಬಂದು ಆನ್‌ಲೈನ್ ಹಣದಾಟವೇ ದೇಶದಲ್ಲಿ ನಿಂತಾಗ, ಮೊದಲಿನ ನಾನಾಗಿದ್ದರೆ ಏನು ಮಾಡುತ್ತಿದ್ದೆನೋ. ಈ ಸಲ ಇದ್ದದ್ದನ್ನು ತೆಗೆದುಕೊಂಡು ಮರುದಿನ ಅಂಗಡಿಗೆ ಹೋದೆ. ಈಗ ತಿಂಗಳಿಗೆ ಎರಡು ಸಲ ಗೋವಾಕ್ಕೆ ಹೋಗಿ ಕ್ಯಾಸಿನೊದಲ್ಲಿ ಚಿಕ್ಕ ಟೇಬಲ್ಲಿನಲ್ಲಿ ಆಡುತ್ತೇನೆ, ಉಳಿದ ದಿನ ಸೀರೆ ಮಡಚುತ್ತೇನೆ. "ಅಣ್ಣಾ, ಕಲಿಸು" ಅಂತ ಮೆಸೇಜ್ ಹಾಕುವ ಹುಡುಗರಿಗೆ ಒಂದೇ ಮಾತು: ನನ್ನ ಸಾಲದಲ್ಲಿ ಮೂರಕ್ಕೆ ಎರಡು ಪಾಲು ತೀರಿದ್ದು ಸೀರೆ ಅಂಗಡಿಯ ಸಂಬಳದಿಂದ.

ಸಾಲ ತೀರಿದ ಸುದ್ದಿ ಹೇಳಿ ಕಾಕಾಗೆ ಅರ್ಧ ಕಿಲೊ ಕುಂದಾ ಕೊಟ್ಟೆ. ಡಬ್ಬಿ ಕ್ಯಾರಿಯರಿಗೆ ಸಿಕ್ಕಿಸಿ, ಮಷೀನು ತೆಗೆದು, "ಶನಿವಾರ ಗೋವಾಕ್ಕ ಹೊಂಟಿ ಅಂದ್ರ, ಶನಿವಾರದ್ದು ಈಗ ಕೊಟ್ಟ ಹೋಗು" ಅಂದರು. ಕೊಟ್ಟೆ.