ಉದ್ರಿ ಪುಸ್ತಕಗಳು ಹಾಳೆಯಾದ ಮೇಲೆ

ನನ್ನ ಮೊದಲ ಏಕವ್ಯಕ್ತಿ ಪ್ರದರ್ಶನ ಭಾನುವಾರ ಮುಗಿಯಿತು. ಬಂದವರಿಗೆ, ಬರಲಾಗದೆ ಫೋನ್ ಮಾಡಿದವರಿಗೆ, "ಎಲ್ಲಾ ಖಾಲಿ ಹಾಳೆ, ಇದರಲ್ಲಿ ನೋಡೋದೇನಿದೆ?" ಎಂದು ಮುಖದ ಮೇಲೇ ಕೇಳಿದವರಿಗೂ ಥ್ಯಾಂಕ್ಸ್.

ನೋಡದವರಿಗಾಗಿ ಎರಡು ಮಾತು. ತಿಪಟೂರಿನಲ್ಲಿ ನಮ್ಮ ಕಿರಾಣಿ ಅಂಗಡಿ ಮುಚ್ಚಿದಾಗ ಅಟ್ಟದ ಮೇಲೆ ಉದ್ರಿ ಪುಸ್ತಕಗಳ ರಾಶಿ ಉಳಿಯಿತು. ಅರ್ಧ ಕೇಜಿ ಬೇಳೆ, ಒಂದು ಸೋಪು, ಒಂದು ಹೆಸರು, ಇಷ್ಟು ಬಾಕಿ. ಅವನ್ನೇ ನೆನೆಸಿ, ಅರೆದು, ಮತ್ತೆ ಹಾಳೆ ಮಾಡಿ ಗೋಡೆಗೆ ತೂಗುಹಾಕಿದ್ದೆ. ಸಾಲವೆಲ್ಲ ಕರಗಿತು. ಬಾಲ್‌ಪೆನ್ನಿನ ನೀಲಿ ಮಾತ್ರ ಪೂರ್ತಿ ಹೋಗಲಿಲ್ಲ.

ಮೊದಲ ಋಣ ಅಪ್ಪನದು. ಪುಸ್ತಕ ಕೊಡಿ ಎಂದಾಗ ಬೇಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ. ಕನ್ನಡಕ ಹಾಕಿಕೊಂಡು ಒಂದೊಂದೇ ಪುಟ ತಿರುವಿದರು. ಒಂದು ಹಾಳೆ ಹರಿದು, ಮಡಚಿ, ಜೇಬಿಗಿಟ್ಟುಕೊಂಡರು. "ಇದೊಂದು ಬಿಟ್ಟು ಮಿಕ್ಕಿದ್ದು ತಗೋ" ಎಂದರು. ಯಾರ ಲೆಕ್ಕ ಅಂತ ನಾನೂ ಕೇಳಲಿಲ್ಲ. ನನಗೆ ಕೇಳಿದರೆ ಎಲ್ಲಕ್ಕಿಂತ ಒಳ್ಳೆಯ ಕೃತಿ ಆ ಹಾಳೆಯೇ. ಪ್ರದರ್ಶನದಲ್ಲಿ ಇರಲಿಲ್ಲ, ಅಷ್ಟೇ.

ನೋಟ್‌ಬುಕ್ ಕಾಗದದ ನಾರು ಗಿಡ್ಡ. ಅದನ್ನಷ್ಟೇ ಅರೆದರೆ ಹಾಳೆ ಗಟ್ಟಿಯಾಗಲ್ಲ, ಹತ್ತಿಯ ಉದ್ದ ನಾರು ಸೇರಿಸಬೇಕು. ನಮ್ಮ ಬೀದಿಯ ಟೈಲರ್ ಅಣ್ಣ ಮೂಟೆಗಟ್ಟಲೆ ಹತ್ತಿ ಬಟ್ಟೆಯ ಚೂರು ಕೊಟ್ಟರು, ದುಡ್ಡು ಮುಟ್ಟಲಿಲ್ಲ. ಬಟ್ಟೆ ಮಿಕ್ಸಿಗೆ ಬಗ್ಗುವುದಿಲ್ಲ, ಬೀಟರ್ ಯಂತ್ರವೇ ಬೇಕು. ಕೈಕಾಗದ ಮಾಡುವ ಅಕ್ಕಂದಿರು ತಮ್ಮ ಕೆಲಸ ಮುಗಿದ ಮೇಲೆ ಯಂತ್ರ ಬಿಟ್ಟುಕೊಟ್ಟರು. ಜಾಲರಿ ಚೌಕಟ್ಟನ್ನು ತೊಟ್ಟಿಯಲ್ಲಿ ಅದ್ದಿ, ಮಟ್ಟವಾಗಿ ಎತ್ತಿ, ನೀರು ಸೋರಿಹೋಗುವ ಮೊದಲೇ ಆ ಕಡೆ ಈ ಕಡೆ ಅಲ್ಲಾಡಿಸಬೇಕು. ನಾರು ಒಂದಕ್ಕೊಂದು ಹೆಣೆದುಕೊಳ್ಳುವುದು ಆಗಲೇ. ಅವರಲ್ಲಿ ಹಿರಿಯರೊಬ್ಬರು ನನ್ನ ಮೊಣಕೈ ಹಿಡಿದು ಕಲಿಸಿದರು. "ಕೈ ಅಲ್ಲಮ್ಮ, ಸೊಂಟ ಬಗ್ಗಿಸು" ಎಂದು ಬೈದಿದ್ದೇ ಜಾಸ್ತಿ.

ಆಷಾಢದ ಮಳೆಯಲ್ಲಿ ಹಾಳೆ ಒಣಗದೆ ಬೂಷ್ಟು ಹಿಡಿಯಲು ಶುರುವಾದಾಗ ಮಹಡಿ ಮನೆಯ ಆಂಟಿ ತಮ್ಮ ಹಾಲ್ ಖಾಲಿ ಮಾಡಿ ಫ್ಯಾನ್ ಹಾಕಿಕೊಟ್ಟರು. ಅವರ ಮನೆಯವರು ಅಷ್ಟೂ ದಿನ ಅಡುಗೆಮನೆಯಲ್ಲಿ ಕೂತು ಟೀವಿ ನೋಡಿದರು.

ದೂರದಿಂದಲೇ ಕಲಿತವರ ಋಣವೂ ಇದೆ. ಜರೀನಾ ಹಾಶ್ಮಿ 1937ರಲ್ಲಿ ಅಲಿಗಢದಲ್ಲಿ ಹುಟ್ಟಿ, ಹಲವು ದೇಶ ಸುತ್ತಿ, ನ್ಯೂಯಾರ್ಕಿನಲ್ಲಿ ನೆಲೆಸಿದವರು. 1970ರ ದಶಕದಲ್ಲಿ ಗೆರೆಯನ್ನೇ ಎಳೆಯದೆ ಕಾಗದವನ್ನು ಸೂಜಿಯಿಂದ ಚುಚ್ಚಿ ಚುಚ್ಚಿ ಚಿತ್ರ ಮಾಡಿದರು. 1999ರಲ್ಲಿ ಮನೆಯ ನೆನಪನ್ನು 36 ಮರದಚ್ಚು ಚಿತ್ರಗಳಾಗಿಸಿದರು. ಒಂದೊಂದರಲ್ಲೂ ಒಂದು ಉರ್ದು ಪದ, ಕಪ್ಪು ಗೆರೆಗಳ ಒಂದು ಆಕಾರ. ಸೋಮನಾಥ ಹೋರ್ ಅವರು ಅದೇ 70ರ ದಶಕದಲ್ಲಿ ಕಾಗದದ ತಿರುಳಿನಲ್ಲೇ 'ಗಾಯಗಳು' ಸರಣಿ ಮಾಡಿದರು. ಬಿಳಿಯ ಮೇಲೆ ಬಿಳಿ, ಸೀಳು, ಉಬ್ಬು. 1943ರ ಬಂಗಾಳದ ಕ್ಷಾಮವನ್ನು ಕಣ್ಣಾರೆ ಕಂಡು ಚಿತ್ರಿಸಿದ್ದ ಕೈ ಅದು. ಅಲ್ಲಿ 'ಖಾಲಿ ಹಾಳೆ' ಅನ್ನಲು ಯಾರಿಗೂ ಬಾಯಿ ಬರಲ್ಲ. ಇನ್ನು ನಮ್ಮ ಬೆಂಗಳೂರಿನ ರವಿಕುಮಾರ್ ಕಾಶಿ. ಕಾಗದದ ತಿರುಳಿನಲ್ಲಿ ಅವರು ಮಾಡಿದ ಕೆಲಸ ಒಂದು ಕಡೆ, ಕಲೆಯ ಬಗ್ಗೆ ಕನ್ನಡದಲ್ಲೇ ಬರೆಯುತ್ತಾರಲ್ಲ, ಅದು ಇನ್ನೊಂದು ಕಡೆ. ಆ ಬರಹಗಳಿಂದ ನನಗಂತೂ ತುಂಬಾ ಉಪಕಾರವಾಗಿದೆ.

ಚಿಕ್ಕಪೇಟೆಯ ವ್ಯಾಪಾರಿಯೊಬ್ಬರಿಗೆ ಬೇರೆಯಾಗಿಯೇ ನಮಸ್ಕಾರ ಹೇಳಬೇಕು. ಮಳೆ ಬಂತೆಂದು ಸುಮ್ನೆ ಒಳಗೆ ಬಂದವರು. ಎಲ್ಲ ಓದಿ, ಎಲ್ಲ ನೋಡಿ, "ಹೀಗೆ ನೀರಿಗೆ ಹಾಕಿದ್ದು ಒಟ್ಟು ಎಷ್ಟು ದುಡ್ಡು?" ಎಂದು ಕೇಳಿದರು. ಅಪ್ಪ ಪಕ್ಕದಲ್ಲೇ ಇದ್ದರು. ಇಬ್ಬರೂ ಮೂಲೆಯ ಕುರ್ಚಿ ಹಿಡಿದು ಒಂದು ಗಂಟೆ ಮಾತಾಡಿದರು. ಕಲೆಯ ಬಗ್ಗೆ ಅಲ್ಲ, ವಸೂಲಿ ಬಗ್ಗೆ.

ಮುಂದಿನ ಕೆಲಸ ಶುರುವಾಗಿದೆ. ಹಳೆಯ ಹತ್ತಿ ಸೀರೆ, ಲುಂಗಿ, ದಿಂಬಿನ ಕವರ್ ಇದ್ದರೆ ಎತ್ತಿಡಿ, ನಾನೇ ಬಂದು ತಗೊಂಡು ಹೋಗುತ್ತೇನೆ. ಪಾಲಿಯೆಸ್ಟರ್ ಮಾತ್ರ ಬೇಡಿ, ಅದರಿಂದ ಕಾಗದ ಆಗಲ್ಲ.