ಬೆಳ್ಳಿ ಫಿಲ್ಲಿಂಗ್ ನಿಲ್ಲಿಸುತ್ತಿದ್ದೇವೆ: ಗ್ರಾಹಕರಿಗೊಂದು ಪತ್ರ

ತೀರ್ಥಹಳ್ಳಿ

ಆತ್ಮೀಯರೇ,

ಬರುವ ತಿಂಗಳ 1ನೇ ತಾರೀಖಿನಿಂದ ನಮ್ಮ ದಂತ ಚಿಕಿತ್ಸಾಲಯದಲ್ಲಿ ಹುಳುಕು ಹಲ್ಲಿಗೆ ಬೆಳ್ಳಿ ತುಂಬುವುದನ್ನು ನಿಲ್ಲಿಸುತ್ತಿದ್ದೇವೆ. ಬೆಳ್ಳಿ ಎಂದು ಕರೆದರೂ ಅದರ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಪಾದರಸ. ಉಳಿದದ್ದು ಬೆಳ್ಳಿ, ತವರ, ತಾಮ್ರದ ಪುಡಿ.

ಈಗಾಗಲೇ ಬೆಳ್ಳಿ ತುಂಬಿಸಿಕೊಂಡವರು ದಯವಿಟ್ಟು ಗಾಬರಿಯಾಗಬೇಡಿ. ಅದು ಗಟ್ಟಿಯಾಗಿ ಕೂತಿದ್ದು, ಅಂಚು ಬಿಡದಿದ್ದರೆ ತೆಗೆಸುವುದು ಬೇಡ. ಕೊರೆದು ತೆಗೆಯುವಾಗಲೇ ಪಾದರಸದ ಆವಿ ಹೆಚ್ಚು ಏಳುತ್ತದೆ, ಜೊತೆಗೆ ಒಳ್ಳೆಯ ಹಲ್ಲೂ ಒಂದಿಷ್ಟು ಹೋಗುತ್ತದೆ. ತೆಗೆಸಲೇಬೇಕೆಂದು ಯಾರಾದರೂ ಹೆದರಿಸಿದರೆ ಒಮ್ಮೆ ಬಂದು ತೋರಿಸಿ.

ನಮ್ಮನ್ನು ಕಾಡಿದ್ದು ಬಾಯಿಗಿಂತ ಹೊಳೆ. ದೊಡ್ಡ ಚೂರುಗಳನ್ನು ಡಬ್ಬಿಯಲ್ಲಿ ಮುಚ್ಚಿಡುತ್ತಿದ್ದೆವು. ಆದರೆ ಕೊರೆಯುವಾಗ ಏಳುವ ನುಣ್ಣನೆಯ ಪುಡಿ ನೀವು ಬಾಯಿ ಮುಕ್ಕಳಿಸಿದ ನೀರಿನೊಂದಿಗೆ ಮೋರಿ ಸೇರುತ್ತದೆ. ಮೋರಿಯ ನೀರು ಕೊನೆಗೆ ತುಂಗೆಗೆ. ನೀರಿನಲ್ಲಿ ಪಾದರಸ ಸೂಕ್ಷ್ಮಜೀವಿಗಳಿಂದ ಮೀಥೈಲ್ ಪಾದರಸವಾಗಿ ಮೀನಿನ ಮೈಯಲ್ಲಿ ಕೂಡುತ್ತಾ ಹೋಗುತ್ತದೆ. ಜಪಾನಿನ ಮಿನಮಾಟದ ಜನ ನರಳಿದ್ದು ಕಾರ್ಖಾನೆಯೊಂದು ಬಿಟ್ಟ ಇಂಥದೇ ವಿಷ ಸೇರಿದ ಮೀನು ತಿಂದು. ಆ ಊರಿನ ಹೆಸರಿನಲ್ಲೇ 2013ರಲ್ಲಿ ಪಾದರಸದ ಬಳಕೆ ತಗ್ಗಿಸುವ ಅಂತರರಾಷ್ಟ್ರೀಯ ಒಪ್ಪಂದವಾಯಿತು. 2018ರಲ್ಲಿ ಭಾರತವೂ ಅದನ್ನು ಅನುಮೋದಿಸಿತು. ನಮ್ಮಲ್ಲಿ ಬೀಳುವ ಪುಡಿ ಅಲ್ಪ, ನಿಜ. ಆದರೆ ನಮ್ಮಿಂದ ಕೆಳಗೆ ಮಂಡಗದ್ದೆಯಿದೆ, ಗಾಜನೂರಿದೆ, ಶಿವಮೊಗ್ಗದ ಜನ ಕುಡಿಯುವ ನೀರಿದೆ.

ಇನ್ನು ಮುಂದೆ ಎರಡು ಬಗೆ. ಕಾಂಪೋಸಿಟ್ ಎಂಬುದು ಹಲ್ಲಿನ ಬಣ್ಣದ ರಾಳ, ಅದರಲ್ಲಿ ಗಾಜಿನ ನುಣ್ಣನೆಯ ಕಣ. ಹಲ್ಲಿಗೆ ಆಮ್ಲ ಸವರಿ, ತೊಳೆದು, ಅಂಟು ಹಚ್ಚಿ, ಸುಮಾರು 2 ಮಿಲಿಮೀಟರಿನಷ್ಟೇ ದಪ್ಪದ ಪದರ ಇಟ್ಟು ನೀಲಿ ಬೆಳಕು ಹಿಡಿಯುತ್ತೇವೆ. ಆಮೇಲೆ ಮತ್ತೊಂದು ಪದರ. ಬೆಳ್ಳಿ ಸ್ವಲ್ಪ ಎಂಜಲು ತಾಗಿದರೂ ಸುಧಾರಿಸಿಕೊಳ್ಳುತ್ತಿತ್ತು, ಇದು ಸುಧಾರಿಸಿಕೊಳ್ಳದು. ಒಂದು ಹನಿ ತಾಗಿದರೂ ಅಂಟು ಹಿಡಿಯುವುದಿಲ್ಲ, ಅಂಚಿನಲ್ಲಿ ಮತ್ತೆ ಹುಳುಕು. ಆದ್ದರಿಂದ ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟುತ್ತೇವೆ. ಉಸಿರು ಕಟ್ಟಿದಂತೆ ಅನ್ನಿಸಿದರೆ ಕೈಯೆತ್ತಿ, ನಿಲ್ಲಿಸುತ್ತೇವೆ. ಮೊದಲಿಗಿಂತ ಹೆಚ್ಚು ಹೊತ್ತು ಕೂರಬೇಕು. ಕೊನೆ ಬಸ್ಸು ಹಿಡಿಯುವವರು ಬೆಳಿಗ್ಗೆಯೇ ಬನ್ನಿ. ಕರೆಂಟು ಹೋಗುವ ಚಿಂತೆ ಬೇಡ, ನೀಲಿ ದೀಪ ಬ್ಯಾಟರಿಯದು.

ಎರಡನೆಯದು ಗ್ಲಾಸ್ ಅಯಾನೊಮರ್, ನೀವು ಸಿಮೆಂಟ್ ಎನ್ನುವುದು. ಹಲ್ಲಿಗೆ ತಾನೇ ಅಂಟಿಕೊಳ್ಳುತ್ತದೆ, ಫ್ಲೋರೈಡನ್ನೂ ನಿಧಾನವಾಗಿ ಬಿಡುತ್ತದೆ. ಮಕ್ಕಳ ಹಾಲುಹಲ್ಲಿಗೆ, ಒಸಡಿನ ಬುಡದ ಸವೆತಕ್ಕೆ ಒಳ್ಳೆಯದು. ದವಡೆಯ ದೊಡ್ಡ ಗುಂಡಿಗೆ ಬಲ ಸಾಲದು. ಹಾಕಿದ ದಿನ ಗಟ್ಟಿ ಪದಾರ್ಥ ಬೇಡ.

ಕವಳ ಹಾಕುವವರಿಗೆ ಒಂದು ಮಾತು. ಅಡಿಕೆ ಹೋಳು ಅಗಿದರೆ ಯಾವ ಫಿಲ್ಲಿಂಗಾದರೂ ಒಡೆಯಬಹುದು, ಕಾಂಪೋಸಿಟ್ ಕೆಂಪಾಗುತ್ತದೆ. ಅಡಿಕೆಯಿಂದ ಬಾಯಿ ಕ್ಯಾನ್ಸರ್ ಬರುತ್ತದೆಂಬುದು ಇದಕ್ಕಿಂತ ದೊಡ್ಡ ಮಾತು. ಅಡಿಕೆ ತೋಟದ ನಡುವೆಯೇ ಬೆಳೆದ ನಾವು ಇದನ್ನು ಸಂಕಟದಿಂದಲೇ ಬರೆಯುತ್ತಿದ್ದೇವೆ. ಬಿಡಲು ನೆರವು ಬೇಕಿದ್ದರೆ ಸಂಕೋಚವಿಲ್ಲದೆ ಕೇಳಿ.

ಬೆಳ್ಳಿಗೆ ಪಡೆಯುತ್ತಿದ್ದ ದರದಲ್ಲೇ ಸಿಮೆಂಟ್ ಹಾಕುತ್ತೇವೆ. ಕಾಂಪೋಸಿಟ್ ದುಬಾರಿ, ಎಷ್ಟಾಗುತ್ತದೆಂದು ಕೊರೆಯುವ ಮೊದಲೇ ಹೇಳುತ್ತೇವೆ, ಎರಡು ಕಂತಿನಲ್ಲೂ ಕೊಡಬಹುದು. ತಣ್ಣೀರು ಕುಡಿದಾಗ ಹಲ್ಲು ಜುಮ್ಮೆಂದರೆ ಆಗಲೇ ಬನ್ನಿ. ಹುಳುಕು ನರದವರೆಗೆ ಇಳಿದರೆ ಈ ಎರಡೂ ಸಾಲದೆ ಬೇರು ಚಿಕಿತ್ಸೆ ಮಾಡಿಸಬೇಕಾಗುತ್ತದೆ.

ಇಂತಿ,
ನಿಮ್ಮ ದಂತವೈದ್ಯರು ಮತ್ತು ಸಿಬ್ಬಂದಿ