ಸರಾಸರಿಯೊಳಗೆ ಕಾಣದೆ ಹೋಗುವ ಊರುಗಳು

ಮಾನ್ಯ ಸಂಪಾದಕರೇ,

ಇತ್ತೀಚೆಗೆ ನಿಮ್ಮ ವಾಣಿಜ್ಯ ಪುಟದಲ್ಲಿ ಎರಡು ಸುದ್ದಿಗಳು ಬಿಟ್ಟೂಬಿಡದೆ ಬರುತ್ತಿವೆ. ಒಂದು, ದೇಶ ದೇಶಗಳ ನಡುವಿನ ಸುಂಕದ ಜಗಳ. ಇನ್ನೊಂದು, ಎಐನಿಂದ ಯಾರ ಕೆಲಸ ಹೋಗುತ್ತದೋ ಎಂಬ ಆತಂಕ. ಎರಡರಲ್ಲೂ ಅರ್ಥಶಾಸ್ತ್ರಜ್ಞರ ಮಾತು ಇರುತ್ತದೆ. ಆದರೆ ಅದು ಕೊನೆಗೆ ಒಂದೇ ಅಂಕಿಗೆ ಬಂದು ನಿಲ್ಲುತ್ತದೆ: ಜಿಡಿಪಿ ಇಷ್ಟು ಏರುತ್ತದೆ, ಇಲ್ಲವೇ ಇಷ್ಟು ಇಳಿಯುತ್ತದೆ. ಆ ಒಂದು ಅಂಕಿಯ ಬಗ್ಗೆ ನನಗೆ ತಕರಾರಿದೆ.

ನಾನು ಬಹಳ ವರ್ಷ ಅರ್ಥಶಾಸ್ತ್ರ ಪಾಠ ಮಾಡಿದವನು. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ 1817ರಲ್ಲಿ ಕೊಟ್ಟ ಉದಾಹರಣೆಯನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಬಟ್ಟೆ, ವೈನ್ ಎರಡನ್ನೂ ಪೋರ್ಚುಗಲ್ ಇಂಗ್ಲೆಂಡಿಗಿಂತ ಕಡಿಮೆ ಶ್ರಮದಲ್ಲಿ ಮಾಡಬಲ್ಲದು. ಆದರೂ ಅದು ತನ್ನ ಮೇಲುಗೈ ಹೆಚ್ಚಿರುವ ವೈನನ್ನೇ ಮಾಡಿ, ಬಟ್ಟೆಯನ್ನು ಇಂಗ್ಲೆಂಡಿನಿಂದ ತರಿಸಿಕೊಂಡರೆ ಇಬ್ಬರಿಗೂ ಲಾಭ. ಒಮ್ಮೆ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, "ಸರ್, ಪೋರ್ಚುಗಲ್‌ನಲ್ಲಿ ಬಟ್ಟೆ ನೇಯುತ್ತಿದ್ದವರು ಏನಾದ್ರು?" ಎಂದು ಕೇಳಿದಳು. ಬೇರೆ ಕೆಲಸಕ್ಕೆ ಹೋಗುತ್ತಾರಮ್ಮ ಎಂದೆ. ಪಠ್ಯಪುಸ್ತಕವೂ ಅದನ್ನೇ ಹೇಳುತ್ತಿತ್ತು. ಆ ಉತ್ತರ ಎಷ್ಟು ತೆಳು ಎಂದು ನನಗೆ ಸರಿಯಾಗಿ ಅರ್ಥವಾಗಿದ್ದು 2013ರ ನಂತರ.

ಆ ವರ್ಷ ಡೇವಿಡ್ ಆಟರ್, ಡೇವಿಡ್ ಡಾರ್ನ್, ಗಾರ್ಡನ್ ಹ್ಯಾನ್ಸನ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಒಂದು ಅಧ್ಯಯನ ಪ್ರಕಟಿಸಿದರು. ಅವರು ಅಮೆರಿಕವನ್ನು ಇಡಿಯಾಗಿ ನೋಡಲಿಲ್ಲ. ಜನ ದಿನಾ ಕೆಲಸಕ್ಕೆ ಹೋಗಿ ಬರುವ ಪ್ರದೇಶಗಳಾಗಿ ಬಿಡಿಸಿಕೊಂಡರು. ಅಂಥವು 722. 1990ರಿಂದ 2007ರವರೆಗೆ ಚೀನಾದ ಸರಕು ಹೆಚ್ಚುತ್ತಾ ಬಂದಂತೆ ಒಂದೊಂದು ಪ್ರದೇಶದಲ್ಲೂ ಏನಾಯಿತು ಎಂದು ಹುಡುಕಿದರು. ಆ ಅವಧಿಯಲ್ಲಿ ಕಾರ್ಖಾನೆ ಉದ್ಯೋಗದಲ್ಲಾದ ಕುಸಿತದ ಸುಮಾರು ಕಾಲು ಭಾಗಕ್ಕೆ ಈ ಪೈಪೋಟಿಯೇ ಕಾರಣ ಎಂದು ಗೊತ್ತಾಯಿತು. ನನ್ನನ್ನು ತಟ್ಟಿದ್ದು ಇನ್ನೊಂದು ಸಂಗತಿ. ಕೆಲಸ ಹೋದ ಕಡೆಯಿಂದ ಜನ ಅಷ್ಟಾಗಿ ಬೇರೆಡೆಗೆ ಹೋಗಲೇ ಇಲ್ಲ. ಮನೆ, ವಯಸ್ಸಾದ ತಂದೆ ತಾಯಿ, ಮಕ್ಕಳ ಶಾಲೆ, ಇವನ್ನೆಲ್ಲ ಬಿಟ್ಟು ಹೊರಡುವುದು ಸುಲಭವಲ್ಲ, ಅಲ್ವಾ? ಕಾರ್ಖಾನೆಯಲ್ಲಿ ಇಲ್ಲದವರ ಸಂಬಳವೂ ಅಲ್ಲಿ ಇಳಿಯಿತು. ಸರ್ಕಾರದ ನೆರವು ಹೆಚ್ಚಿತು ನಿಜ. ಆದರೆ ಅದು ಹೋಗಿದ್ದು ಬಹುಪಾಲು ಅಂಗವೈಕಲ್ಯ ಭತ್ಯೆಗೆ, ಚಿಕಿತ್ಸೆಗೆ, ಮತ್ತಿತರ ಭತ್ಯೆಗಳಿಗೆ. ಆಮದಿನಿಂದ ಕೆಲಸ ಕಳೆದುಕೊಂಡವರಿಗೆ ತರಬೇತಿ ಕೊಡಲೆಂದೇ 1962ರಲ್ಲಿ ಶುರುವಾದ ಯೋಜನೆಯ ಪಾಲು ತೀರಾ ಕಡಿಮೆ. 2022ರಲ್ಲಿ ಅದರ ಅವಧಿಯೂ ಮುಗಿಯಿತು. ಇದೇ ಮೂವರು 2021ರಲ್ಲಿ ಮತ್ತೆ ನೋಡಿದಾಗ, 2019ರ ಹೊತ್ತಿಗೂ ಆ ಪ್ರದೇಶಗಳು ಚೇತರಿಸಿಕೊಂಡಿರಲಿಲ್ಲ.

ಭಾರತ 1991ರಿಂದ ಸುಂಕ ಇಳಿಸಿದ್ದರ ಪರಿಣಾಮವನ್ನು ಪೆಟಿಯಾ ಟೊಪಲೋವಾ ಎಂಬ ಅರ್ಥಶಾಸ್ತ್ರಜ್ಞೆ ಜಿಲ್ಲೆಗಳ ಮಟ್ಟದಲ್ಲಿ ನೋಡಿದ್ದಾರೆ. ದೇಶದ ಒಟ್ಟು ಬಡತನ ಇಳಿದಿತ್ತು. ಆದರೆ ಸುಂಕ ಕಡಿತದ ಬಿಸಿ ಜಾಸ್ತಿ ತಟ್ಟಿದ ಗ್ರಾಮೀಣ ಜಿಲ್ಲೆಗಳಲ್ಲಿ ಆ ಇಳಿಕೆ ನಿಧಾನವಾಗಿತ್ತು. ಒಟ್ಟು ಲೆಕ್ಕವೂ ಸುಳ್ಳಲ್ಲ, ಆ ಜಿಲ್ಲೆಗಳ ಕಷ್ಟವೂ ಸುಳ್ಳಲ್ಲ.

ಹಾಗಾದರೆ ಸುಂಕ ಹಾಕಿದರೆ ಮುಗಿಯಿತಲ್ಲ ಎನ್ನುವವರಿದ್ದಾರೆ. ದಯವಿಟ್ಟು ವಾಷಿಂಗ್ ಮಷಿನ್ ಕಥೆ ಕೇಳಿ. 2018ರಲ್ಲಿ ಅಮೆರಿಕ ಆಮದಾಗುವ ವಾಷಿಂಗ್ ಮಷಿನ್‌ಗಳ ಮೇಲೆ ಸುಂಕ ಹಾಕಿತು. ಬೆಲೆ ಸುಮಾರು ಶೇ 12ರಷ್ಟು ಏರಿತು. ಬಟ್ಟೆ ಒಣಗಿಸುವ ಡ್ರೈಯರ್ ಮೇಲೆ ಸುಂಕವೇ ಇರಲಿಲ್ಲ, ಅದರ ಬೆಲೆಯೂ ಹೆಚ್ಚುಕಡಿಮೆ ಅಷ್ಟೇ ಏರಿತು. ಅಲ್ಲಿ ಎರಡನ್ನೂ ಜೋಡಿಯಾಗಿ ಕೊಳ್ಳುತ್ತಾರೆ. ಹುಟ್ಟಿದ ಉದ್ಯೋಗ ಸುಮಾರು 1,800. ಒಂದೊಂದು ಉದ್ಯೋಗಕ್ಕೆ ಗ್ರಾಹಕರು ತೆತ್ತ ಬೆಲೆ 8 ಲಕ್ಷ ಡಾಲರ್‌ಗೂ ಹೆಚ್ಚು ಎಂದು ಸಂಶೋಧಕರು ಲೆಕ್ಕ ಹಾಕಿದರು. ಅಷ್ಟು ಹಣದಲ್ಲಿ ಎಷ್ಟು ಜನರ ಬದುಕಿಗೆ ಆಸರೆ ಕೊಡಬಹುದಿತ್ತು!

ಯಂತ್ರಗಳ ವಿಷಯಕ್ಕೆ ಬಂದರೆ ಮತ್ತೆ ರಿಕಾರ್ಡೊ ನೆನಪಾಗುತ್ತಾನೆ. ಯಂತ್ರ ಬಂದರೆ ಎಲ್ಲರಿಗೂ ಒಳ್ಳೆಯದು ಎಂದೇ ಅವನು ಮೊದಲು ನಂಬಿದ್ದ. 1821ರಲ್ಲಿ ತನ್ನ ಪುಸ್ತಕದ ಮೂರನೇ ಆವೃತ್ತಿಗೆ ಯಂತ್ರಗಳ ಮೇಲೊಂದು ಅಧ್ಯಾಯ ಸೇರಿಸಿ, ನನ್ನ ಅಭಿಪ್ರಾಯ ತಪ್ಪಾಗಿತ್ತು, ಕೆಲಸಗಾರರಿಗೆ ಇದರಿಂದ ನಷ್ಟವೂ ಆಗಬಹುದು ಎಂದು ಒಪ್ಪಿಕೊಂಡ. ನನಗೆ ಅವನ ಬಗ್ಗೆ ಗೌರವ ಹುಟ್ಟಿದ್ದು ಬಟ್ಟೆ-ವೈನ್ ಲೆಕ್ಕಕ್ಕಿಂತ ಈ ಅಧ್ಯಾಯದಿಂದ. ನಮ್ಮ ಕಾಲದಲ್ಲಿ ಡರಾನ್ ಅಸೆಮೊಗ್ಲು, ಪಾಸ್ಕುವಲ್ ರೆಸ್ಟ್ರೆಪೊ ಎಂಬ ಅರ್ಥಶಾಸ್ತ್ರಜ್ಞರು ಅವನ ಅನುಮಾನವನ್ನು ಅಳೆದು ನೋಡಿದರು. ಅಮೆರಿಕದಲ್ಲಿ 1,000 ಕೆಲಸಗಾರರಿಗೆ ಒಂದು ರೋಬೊ ಹೆಚ್ಚಾದರೆ ಸಂಬಳ ಸುಮಾರು ಶೇ 0.4ರಷ್ಟು ಇಳಿಯುತ್ತದೆ ಎಂದು ಅವರ ಅಂದಾಜು. ಎಐ ಕಥೆ ಸ್ವಲ್ಪ ಬೇರೆ ಇರಬಹುದು. ಗ್ರಾಹಕ ಸೇವೆಯ 5,000ಕ್ಕೂ ಹೆಚ್ಚು ಸಿಬ್ಬಂದಿಯ ಮೇಲೆ ನಡೆದ ಒಂದು ಅಧ್ಯಯನದಲ್ಲಿ, ಎಐ ನೆರವಿನಿಂದ ಹೆಚ್ಚು ಲಾಭ ಆಗಿದ್ದು ಹೊಸಬರಿಗೆ. ಅನುಭವ ಇದ್ದವರಿಗೆ ಅಷ್ಟೇನೂ ಆಗಲಿಲ್ಲ. ಇಲ್ಲೂ ಸರಾಸರಿ ಒಂದನ್ನೇ ನೋಡಿದ್ದರೆ ಇದು ಕಾಣುತ್ತಲೇ ಇರಲಿಲ್ಲ.

ಅರ್ಥಶಾಸ್ತ್ರ ಬದಲಾಗಿದೆ ಸಂಪಾದಕರೇ. ಪೆಟ್ಟು ಯಾವ ಊರಿಗೆ, ಯಾವ ವಯಸ್ಸಿನವರಿಗೆ, ಎಷ್ಟು ವರ್ಷ ಎಂದು ಹೇಳುವ ಸಂಶೋಧನೆ ಈಗ ಸಾಕಷ್ಟಿದೆ. ಅದು ಮಂತ್ರಿಗಳ ಮೇಜಿಗೂ ಓದುಗರ ಕೈಗೂ ತಲುಪುತ್ತಿಲ್ಲ ಎಂಬುದೇ ನನ್ನ ಸಂಕಟ. ಮುಂದಿನ ಸಲ ಒಂದು ವ್ಯಾಪಾರ ಒಪ್ಪಂದದ ಸುದ್ದಿ ಹಾಕುವಾಗ, ಲಾಭದ ಅಂಕಿ ಕೊಟ್ಟ ತಜ್ಞರನ್ನೇ ಫೋನಿನಲ್ಲಿ ಹಿಡಿದು, ನಷ್ಟ ಯಾರಿಗೆ, ಎಲ್ಲಿ, ಅವರಿಗೆಂದು ಎಷ್ಟು ಹಣ ಎತ್ತಿಟ್ಟಿದ್ದಾರೆ ಎಂದು ಕೇಳಿ. ಉತ್ತರವನ್ನು ಅದೇ ಸುದ್ದಿಯ ಪಕ್ಕದಲ್ಲಿ ಹಾಕಿ. ಉತ್ತರ ಸಿಗದಿದ್ದರೆ, ಸಿಗಲಿಲ್ಲ ಎಂದೇ ಬರೆಯಿರಿ.

ಇಂತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗ